ಸಿಗರೇಟಿಗೆ 40, ಬೀಡಿಗೆ 18: ಧ್ವನಿಪೆಟ್ಟಿಗೆ ಕ್ಯಾನ್ಸರ್‌ನ ಲೆಕ್ಕ ಎಲ್ಲಿ ತಪ್ಪುತ್ತಿದೆ?

2025ರ ಸೆಪ್ಟೆಂಬರ್ 3ರಂದು ಸೇರಿದ ಜಿಎಸ್‌ಟಿ ಮಂಡಳಿ ತಂಬಾಕಿನ ವಿಷಯದಲ್ಲಿ ಒಂದೇ ದಿನ ಎರಡು ದಿಕ್ಕಿಗೆ ನಡೆಯಿತು. ಸಿಗರೇಟು, ಗುಟ್ಕಾ, ಪಾನ್ ಮಸಾಲಾಗಳನ್ನು ಶೇ. 40ರ ಹೊಸ ದರಕ್ಕೆ ಏರಿಸಿತು. ಬೀಡಿಯನ್ನು ಮಾತ್ರ ಶೇ. 28ರಿಂದ ಶೇ. 18ಕ್ಕೆ ಇಳಿಸಿತು. ಬೀಡಿ ಸುತ್ತುವ ಎಲೆಯ ಮೇಲಿನ ತೆರಿಗೆಯೂ ಶೇ. 18ರಿಂದ ಶೇ. 5ಕ್ಕೆ ಬಂತು. ರಾಜ್ಯಗಳ ವರಮಾನ ನಷ್ಟ ತುಂಬಲು ಮಾಡಿದ್ದ ಪರಿಹಾರ ಸೆಸ್‌ನ ಸಾಲ ತೀರಲಿ ಎಂದು ತಡೆಹಿಡಿದಿದ್ದ ತಂಬಾಕು ಪದಾರ್ಥಗಳ ದರ 2026ರ ಫೆಬ್ರವರಿ 1ರಿಂದ ಜಾರಿಯಾಯಿತು. ಜತೆಗೆ ಸಿಗರೇಟಿನ ಮೇಲೆ ಉದ್ದಕ್ಕೆ ತಕ್ಕಂತೆ ಸಾವಿರಕ್ಕೆ 2,050ರಿಂದ 8,500 ರೂಪಾಯಿವರೆಗೆ ಕೇಂದ್ರ ಅಬಕಾರಿ ಸುಂಕವೂ ಬಿತ್ತು.

ಇದನ್ನು ಓದಿದ ಯಾರಿಗಾದರೂ ಒಂದು ಅನುಮಾನ ಬರುತ್ತದೆ: ಹಾಗಾದರೆ ಬೀಡಿ ಸಿಗರೇಟಿನಷ್ಟು ಕೆಟ್ಟದ್ದಲ್ಲವೇ? ಸರ್ಕಾರ ಹಾಗೆಂದು ಎಲ್ಲೂ ಹೇಳಿಲ್ಲ. ಬೀಡಿಗೆ ಸಿಕ್ಕ ರಿಯಾಯಿತಿಗೆ ಕಾರಣ ಅದನ್ನು ಕಟ್ಟುವವರ ಹೊಟ್ಟೆಪಾಡು. ಆದರೆ ತೆರಿಗೆ ಪಟ್ಟಿಯಲ್ಲಿ ಎರಡು ಸಾಲುಗಳ ನಡುವೆ ಇಷ್ಟು ಅಂತರ ಕಂಡಾಗ ಅದು ಅಪಾಯದ ಅಂತರವೆಂದು ಜನ ಓದಿಕೊಳ್ಳುವುದು ಸಹಜ. ಈ ತಪ್ಪು ಓದು ಎಷ್ಟು ದುಬಾರಿ ಎನ್ನುವುದನ್ನು ತೋರಿಸುವ ರೋಗಗಳಲ್ಲಿ ಧ್ವನಿಪೆಟ್ಟಿಗೆಯ ಕ್ಯಾನ್ಸರ್ ಮುಖ್ಯವಾದದ್ದು. ಕರ್ನಾಟಕದಲ್ಲಿ ಅದು ಯಾರಿಗೆ ಬರುತ್ತದೆ, ಆಸ್ಪತ್ರೆಗೆ ಏಕೆ ತಡವಾಗಿ ಬರುತ್ತದೆ, ಬಂದ ಮೇಲೆ ವೈದ್ಯರ ಮುಂದಿರುವ ಆಯ್ಕೆಗಳೇನು ಎಂಬುದನ್ನು ಬಿಡಿಸಿ ನೋಡೋಣ.

ಹೊಗೆ ಹಾದುಹೋಗುವ ಕಿರಿದಾದ ಜಾಗ

ಗಂಡಸರ ಕೊರಳಲ್ಲಿ ಉಬ್ಬಿ ಕಾಣುವ ಮೃದ್ವಸ್ಥಿಯ ಹಿಂದೆ ಧ್ವನಿಪೆಟ್ಟಿಗೆ ಇದೆ. ಶ್ವಾಸನಾಳದ ಬಾಗಿಲು ಅದು. ಒಳಗೆ ಎರಡು ಧ್ವನಿತಂತುಗಳು ತೆರೆದು ಮುಚ್ಚುತ್ತವೆ. ಉಸಿರಾಡುವಾಗ ತೆರೆದಿರುತ್ತವೆ, ಮಾತನಾಡುವಾಗ ಸೇರಿ ಕಂಪಿಸುತ್ತವೆ, ನುಂಗುವಾಗ ಅನ್ನ ನೀರು ಶ್ವಾಸಕೋಶಕ್ಕೆ ಇಳಿಯದಂತೆ ಬಿಗಿಯಾಗಿ ಮುಚ್ಚಿಕೊಳ್ಳುತ್ತವೆ. ಎಳೆದ ಹೊಗೆಯೆಲ್ಲ ಶ್ವಾಸಕೋಶ ಸೇರುವ ಮೊದಲು ಈ ಕಿರಿದಾದ ಸಂದಿಯಲ್ಲೇ ನುಸುಳಬೇಕು. ಇಲ್ಲಿನ ಕ್ಯಾನ್ಸರ್‌ಗಳಲ್ಲಿ ಬಹುಪಾಲು ಹುಟ್ಟುವುದು ಒಳಪದರದ ಚಪ್ಪಟೆ ಕೋಶಗಳಲ್ಲಿ. ಅದಕ್ಕೆ ಮೊದಲ ಕಾರಣ ಧೂಮಪಾನ, ಎರಡನೆಯದು ಮದ್ಯ. ಎರಡೂ ಒಟ್ಟಿಗಿದ್ದರೆ ಅಪಾಯ ಬರೀ ಕೂಡಿಕೊಳ್ಳುವುದಿಲ್ಲ, ಗುಣಿಸಿಕೊಳ್ಳುತ್ತದೆ. ಕಲ್ನಾರಿನ ದೂಳು ಮತ್ತು ಕಾರ್ಖಾನೆಗಳಲ್ಲಿನ ತೀಕ್ಷ್ಣ ಆಮ್ಲದ ಆವಿಯೂ ಕಾರಣಗಳ ಪಟ್ಟಿಯಲ್ಲಿವೆ. ಹೊಗೆಯ ಪಾಲಿನ ಮುಂದೆ ಅವು ಚಿಕ್ಕವು.

ಬೀಡಿಯನ್ನು ಹತ್ತಿರದಿಂದ ನೋಡಿದರೆ ವಿಷಯ ಇನ್ನಷ್ಟು ಸ್ಪಷ್ಟವಾಗುತ್ತದೆ. ಒಂದು ಬೀಡಿಯೊಳಗಿನ ಹೊಗೆಸೊಪ್ಪಿನ ಪುಡಿ ಸಿಗರೇಟಿನಲ್ಲಿರುವುದರ ಹೆಚ್ಚುಕಡಿಮೆ ಕಾಲು ಭಾಗ. ಹಾಗಾಗಿ ಅದು ಹಗುರ ಎಂಬ ನಂಬಿಕೆ ಬೇರೂರಿದೆ. ಆದರೆ ಸಿಗರೇಟಿನ ಕಾಗದದಲ್ಲಿ ಗಾಳಿಯಾಡುವಂತೆ ಬೀಡಿಯ ಎಲೆಯಲ್ಲಿ ಆಡುವುದಿಲ್ಲ. ಎಳೆಯದೆ ಕೈಯಲ್ಲಿ ಹಿಡಿದುಕೊಂಡರೆ ಅದು ಆರುತ್ತದೆ. ಆರದಂತೆ ಇಡಲು ಸೇದುವವನು ಪದೇ ಪದೇ, ಜೋರಾಗಿ ದಮ್ಮು ಎಳೆಯಬೇಕು. ಫಿಲ್ಟರ್ ಇಲ್ಲ. ಕೊನೆಗೆ ತುಟಿ ಸುಡುವ ಮೋಟು ಉಳಿಯುವವರೆಗೆ ಸೇದುವ ರೂಢಿ ಬೇರೆ. ಇಷ್ಟೆಲ್ಲದರ ಪರಿಣಾಮವಾಗಿ ಕಡಿಮೆ ಸೊಪ್ಪಿನಿಂದಲೇ ಟಾರ್, ನಿಕೋಟಿನ್, ಕಾರ್ಬನ್ ಮಾನಾಕ್ಸೈಡ್ ಹೆಚ್ಚಾಗಿ ಒಳಹೋಗುತ್ತವೆ. ಕೇರಳ ಮತ್ತು ಮುಂಬೈಯಲ್ಲಿ ನಡೆದ ಅಧ್ಯಯನಗಳು ಬೀಡಿಯನ್ನು ಧ್ವನಿಪೆಟ್ಟಿಗೆ ಕ್ಯಾನ್ಸರ್‌ಗೆ ನೇರವಾಗಿ ಜೋಡಿಸಿವೆ. ಈ ವಿಷಯದಲ್ಲಿ ಅದನ್ನು ಸಿಗರೇಟಿಗಿಂತ ಮೃದು ಎನ್ನಲು ಆಧಾರವಿಲ್ಲ.

ಎಷ್ಟು ಜನ? ಯಾರ ಲೆಕ್ಕದಲ್ಲಿ?

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆಯ ‘ಗ್ಲೋಬೊಕಾನ್’ ಅಂದಾಜಿನಂತೆ 2022ರಲ್ಲಿ ಜಗತ್ತಿನಲ್ಲಿ ಸುಮಾರು 1.89 ಲಕ್ಷ ಮಂದಿಗೆ ಧ್ವನಿಪೆಟ್ಟಿಗೆ ಕ್ಯಾನ್ಸರ್ ಬಂತು, 1.03 ಲಕ್ಷ ಮಂದಿ ಸತ್ತರು. ಭಾರತದಲ್ಲಿ ವರ್ಷಕ್ಕೆ 30 ಸಾವಿರಕ್ಕೂ ಹೆಚ್ಚು ಹೊಸ ರೋಗಿಗಳು. ಅಂದರೆ ಜಗತ್ತಿನ ಆರು ರೋಗಿಗಳಲ್ಲಿ ಒಬ್ಬನಾದರೂ ಇಲ್ಲಿಯವನು. ಜನಸಂಖ್ಯೆಯ ಪಾಲೂ ಅಷ್ಟೇ ತಾನೆ, ಇದರಲ್ಲಿ ವಿಶೇಷವೇನು ಎಂದು ಕೇಳಬಹುದು. ವಿಶೇಷವಿದೆ. ಇದು ಹೆಚ್ಚಾಗಿ 50 ದಾಟಿದವರ ರೋಗ. ಭಾರತದ ಜನಸಂಖ್ಯೆಯಲ್ಲಿ ಎಳೆಯರೇ ಹೆಚ್ಚು. ಎಳೆಯರ ದೇಶವೊಂದು ವಯಸ್ಸಾದವರ ರೋಗದಲ್ಲಿ ಜನಸಂಖ್ಯೆಯಷ್ಟೇ ಪಾಲು ಹೊತ್ತಿದೆ ಎಂದರೆ ನಮ್ಮ ಹಿರಿಯ ಗಂಡಸರ ಮೇಲಿನ ಹೊರೆ ಮೇಲ್ನೋಟಕ್ಕೆ ಕಾಣುವುದಕ್ಕಿಂತ ಭಾರವಾದದ್ದು. ಅದಕ್ಕಾಗಿಯೇ ತಜ್ಞರು ಬರೀ ತಲೆ ಎಣಿಸದೆ ವಯಸ್ಸಿನ ಹಂಚಿಕೆಗೆ ಸರಿಹೊಂದಿಸಿದ ದರವನ್ನು ಹೋಲಿಸುತ್ತಾರೆ.

ಕರ್ನಾಟಕದ ಮಟ್ಟಕ್ಕೆ ಇಳಿದರೆ ತೊಡಕು ಶುರು. ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮ 1980ರ ದಶಕದ ಆರಂಭದಲ್ಲಿ ಕಣ್ಣುಬಿಟ್ಟಾಗ ಜನಸಂಖ್ಯೆಯನ್ನು ಆಧರಿಸಿ ಲೆಕ್ಕವಿಡುವ ಮೊದಲ ಕೇಂದ್ರಗಳು ಮೂರು: ಮುಂಬೈ, ಚೆನ್ನೈ, ಬೆಂಗಳೂರು. ಬೆಂಗಳೂರಿನದು ಕಿದ್ವಾಯಿ ಸ್ಮಾರಕ ಗಂಥಿ (ಕ್ಯಾನ್ಸರ್) ಸಂಸ್ಥೆಯಲ್ಲಿದೆ. ನಗರದ ಸರ್ಕಾರಿ, ಖಾಸಗಿ ಆಸ್ಪತ್ರೆಗಳು, ಪ್ರಯೋಗಾಲಯಗಳು, ಮರಣ ದಾಖಲೆಗಳನ್ನೆಲ್ಲ ಜಾಲಾಡಿ ನಗರವಾಸಿಗಳಲ್ಲಿ ಎಷ್ಟು ಮಂದಿಗೆ ಯಾವ ಕ್ಯಾನ್ಸರ್ ಬಂತು ಎಂದು ಅದು ಬರೆದಿಡುತ್ತದೆ. ಈ ಕೆಲಸ ದೇಶಕ್ಕೇ ಮಾದರಿ. ಆದರೆ ಅದು ಬೆಂಗಳೂರಿನ ಲೆಕ್ಕ. ರಾಯಚೂರಿನ ಹಮಾಲಿ, ನಿಪ್ಪಾಣಿಯ ಹೊಗೆಸೊಪ್ಪಿನ ಹೊಲದ ಕೂಲಿಯಾಳು ಅದರಲ್ಲಿ ಬರುವುದಿಲ್ಲ. ಹಳ್ಳಿಗಾಡಿನ ಕ್ಯಾನ್ಸರ್‌ಗೆ ದೇಶದಲ್ಲಿ ಮೊದಲು ನೋಂದಣಿ ಶುರುವಾದದ್ದು ಮಹಾರಾಷ್ಟ್ರದ ಬಾರ್ಶಿಯಲ್ಲಿ, 1987ರಲ್ಲಿ. ಬಾರ್ಶಿ ಇರುವ ಸೊಲ್ಲಾಪುರ ಜಿಲ್ಲೆ ನಮ್ಮ ವಿಜಯಪುರ, ಕಲಬುರಗಿಗೆ ಗಡಿ ಹಂಚಿಕೊಂಡಿದೆ. ಉತ್ತರ ಕರ್ನಾಟಕದ ಹಳ್ಳಿಗಳ ಬಗ್ಗೆ ಊಹಿಸುವಾಗ ಬೆಂಗಳೂರಿಗಿಂತ ಆ ಸೀಮೆಯ ಅಂಕಿಗಳೇ ಹತ್ತಿರದವು ಎನ್ನುವುದು ವಿಚಿತ್ರವಾದರೂ ನಿಜ.

ಇನ್ನೊಂದು ಬಗೆಯ ಲೆಕ್ಕ ಆಸ್ಪತ್ರೆಯದು: ಇಲ್ಲಿಗೆ ಬಂದವರಲ್ಲಿ ಇಷ್ಟು ಮಂದಿಗೆ ಈ ರೋಗ, ಇಂಥ ಹಂತ. ಪತ್ರಿಕೆಗಳಲ್ಲಿ ಹೆಚ್ಚಾಗಿ ಬರುವುದು ಇದೇ. ಕಿದ್ವಾಯಿಗೆ ಆಂಧ್ರ, ತೆಲಂಗಾಣ, ತಮಿಳುನಾಡಿನಿಂದಲೂ ರೋಗಿಗಳು ಬರುತ್ತಾರೆ. ಉಳ್ಳವರು ಖಾಸಗಿ ಆಸ್ಪತ್ರೆಗೆ ಹೋಗುತ್ತಾರೆ. ಕೈಲಾಗದವರು ಎಲ್ಲಿಗೂ ಹೋಗುವುದಿಲ್ಲ. ಹಾಗಾಗಿ ಆಸ್ಪತ್ರೆಯ ಅಂಕಿ ಚಿಕಿತ್ಸೆಯ ಬಗ್ಗೆ ಬಹಳಷ್ಟು ಹೇಳುತ್ತದೆ, ಊರಿನಲ್ಲಿ ರೋಗ ಎಷ್ಟಿದೆ ಎಂದು ಹೇಳುವುದಿಲ್ಲ. ಜತೆಗೆ ಧ್ವನಿಪೆಟ್ಟಿಗೆ, ಅದರ ಹಿಂಬದಿಯ ಕೆಳಗಂಟಲು, ನಾಲಿಗೆಯ ಬುಡ ಇವೆಲ್ಲ ನೋಂದಣಿಯಲ್ಲಿ ಬೇರೆ ಬೇರೆ ಸಂಕೇತದಡಿ ದಾಖಲಾಗುತ್ತವೆ. ಗಡ್ಡೆ ದೊಡ್ಡದಾಗಿ ಎಲ್ಲವನ್ನೂ ಆವರಿಸಿದ ಮೇಲೆ ಅದು ಮೊದಲು ಎಲ್ಲಿ ಹುಟ್ಟಿತು ಎಂದು ಹೇಳುವುದೇ ಕಷ್ಟ. ತಡವಾಗಿ ಬರುವ ರೋಗಿಗಳು ಹೆಚ್ಚಿರುವ ಕಡೆ ಅಂಕಿಯೂ ಅಷ್ಟರಮಟ್ಟಿಗೆ ಮಸುಕಾಗುತ್ತದೆ.

ಗುಟ್ಕಾ ನಿಷೇಧ ಇಲ್ಲಿಗೆ ತಲುಪುವುದಿಲ್ಲ

ಕರ್ನಾಟಕ 2013ರ ಮೇ ತಿಂಗಳಲ್ಲಿ ಗುಟ್ಕಾ ನಿಷೇಧಿಸಿತು. ಅಂದಿನಿಂದ ತಂಬಾಕು ವಿರೋಧಿ ಪ್ರಚಾರದ ಬಹುಪಾಲು ಬಾಯಿ ಕ್ಯಾನ್ಸರ್ ಸುತ್ತಲೇ ಇದೆ. ಅದಕ್ಕೆ ಕಾರಣವೂ ಇದೆ. 2016–17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯಲ್ಲಿ ರಾಜ್ಯದ ವಯಸ್ಕರಲ್ಲಿ ಶೇ. 22.8 ಮಂದಿ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು: ಹೊಗೆರಹಿತ ತಂಬಾಕು ಶೇ. 16.3, ಸೇದುವವರು ಶೇ. 8.8. ಅಗಿಯುವವರು ಸೇದುವವರ ಹೆಚ್ಚುಕಡಿಮೆ ಎರಡರಷ್ಟು, ಹೆಂಗಸರಲ್ಲೂ ಅಗಿಯುವ ರೂಢಿಯಿದೆ. ಹೀಗಾಗಿ ಬಾಯಿ ಕ್ಯಾನ್ಸರ್ ಗಂಡು ಹೆಣ್ಣು ಇಬ್ಬರನ್ನೂ ಬಿಡುವುದಿಲ್ಲ.

ಧ್ವನಿಪೆಟ್ಟಿಗೆಯ ರೋಗಿಗಳು ಮಾತ್ರ ಬಹುತೇಕ ಗಂಡಸರೇ. ಅಗಿದ ರಸ ಬಾಯಿ, ಅನ್ನನಾಳಗಳನ್ನು ತೋಯಿಸುತ್ತದೆ. ಧ್ವನಿತಂತುಗಳ ನಡುವೆ ಹಾಯುವುದು ಉಸಿರು ಮತ್ತು ಹೊಗೆ. ಗುಟ್ಕಾ ಮೇಲಿನ ಕಡಿವಾಣ ಎಷ್ಟು ಬಿಗಿಯಾದರೂ ಈ ರೋಗ ಅದರಿಂದ ಹೆಚ್ಚೇನೂ ತಗ್ಗುವುದಿಲ್ಲ. ಇದಕ್ಕೆ ಬೇಕಾದದ್ದು ಹೊಗೆಯ ಮೇಲಿನ ಕಡಿವಾಣ. ಹೊಗೆಯಲ್ಲಿ ಭಾರತದ ಮಟ್ಟಿಗೆ ಸಿಗರೇಟಿಗಿಂತ ಬೀಡಿಯೇ ದೊಡ್ಡದು. ಅದೇ ಸಮೀಕ್ಷೆಯಂತೆ ದೇಶದ ವಯಸ್ಕರಲ್ಲಿ ಬೀಡಿ ಸೇದುವವರು ಶೇ. 7.7, ಸಿಗರೇಟು ಸೇದುವವರು ಶೇ. 4. ಇಷ್ಟಾಗಿಯೂ ನಮ್ಮ ಕೋಪವೆಲ್ಲ ಗುಟ್ಕಾ ಮೇಲೆ, ತೆರಿಗೆಯೆಲ್ಲ ಸಿಗರೇಟಿನ ಮೇಲೆ. ನಡುವೆ ಬೀಡಿ ನುಣುಚಿಕೊಳ್ಳುತ್ತದೆ.

ಬೇಗ ಸುಳಿವು ಕೊಡುವ ರೋಗ, ತಡವಾಗಿ ಬರುವ ರೋಗಿ

ಕ್ಯಾನ್ಸರ್‌ಗಳಲ್ಲಿ ಬಹುಪಾಲು ಮೊದಮೊದಲು ಸದ್ದಿಲ್ಲದೆ ಬೆಳೆಯುತ್ತವೆ. ಧ್ವನಿತಂತುವಿನ ಮೇಲೆ ಹುಟ್ಟುವ ಗಡ್ಡೆ ಹಾಗಲ್ಲ. ಅಕ್ಕಿಕಾಳಿನಷ್ಟು ಇದ್ದರೂ ತಂತುವಿನ ಕಂಪನ ಕೆಡುತ್ತದೆ, ದನಿ ಗೊಗ್ಗರಾಗುತ್ತದೆ. ಇನ್ನೊಂದು ಅನುಕೂಲವೂ ಇದೆ: ತಂತುಗಳಲ್ಲಿ ದುಗ್ಧರಸ ನಾಳಗಳು ತೀರಾ ವಿರಳ, ಹಾಗಾಗಿ ರೋಗ ಕುತ್ತಿಗೆಯ ಗಂಟುಗಳಿಗೆ ಹರಡಲು ಸಮಯ ಹಿಡಿಯುತ್ತದೆ. ಈ ಹಂತದಲ್ಲಿ ಸಿಕ್ಕರೆ ಲೇಸರ್ ಶಸ್ತ್ರಕ್ರಿಯೆಯಿಂದಲೋ ರೇಡಿಯೋಥೆರಪಿಯಿಂದಲೋ ಹತ್ತರಲ್ಲಿ ಒಂಬತ್ತು ಮಂದಿಯಲ್ಲಿ ಗಡ್ಡೆ ಹತೋಟಿಗೆ ಬರುತ್ತದೆ, ದನಿಯೂ ಉಳಿಯುತ್ತದೆ. ತಂತುಗಳಿಗಿಂತ ಮೇಲಿನ ಭಾಗದಲ್ಲಿ ಹುಟ್ಟಿದ ಗಡ್ಡೆಯ ಕತೆ ಬೇರೆ. ಅಲ್ಲಿ ದುಗ್ಧರಸ ನಾಳಗಳು ದಟ್ಟ. ನುಂಗುವಾಗ ಏನೋ ಸಿಕ್ಕಿಕೊಂಡಂತೆ, ಕಿವಿಯವರೆಗೆ ಎಳೆಯುವ ನೋವು, ಕೊನೆಗೆ ಕುತ್ತಿಗೆಯಲ್ಲಿ ಗಂಟು. ಎಷ್ಟೋ ಸಲ ಆ ಗಂಟೇ ಮೊದಲ ಲಕ್ಷಣ.

ಸುಳಿವು ಇಷ್ಟು ಬೇಗ ಸಿಗುವಾಗ ತಡವೇಕೆ? ಬೀಡಿ ಸೇದುವವನ ದನಿ ಮೊದಲೇ ಒರಟು. ಕೆಮ್ಮು, ಕಫ ಅವನಿಗೆ ಹೊಸದಲ್ಲ. ಮೊದಲು ಬಿಸಿನೀರು, ಜೇನು, ಶುಂಠಿ. ಆಮೇಲೆ ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಮಾತ್ರೆ. ಆಮೇಲೆ ಹತ್ತಿರದ ಡಾಕ್ಟರ್ ಬರೆದ ಆಂಟಿಬಯಾಟಿಕ್, ಗ್ಯಾಸಿನ ಮಾತ್ರೆ. ತೂಕ ಇಳಿದಿದ್ದರೆ ಕ್ಷಯದ ಅನುಮಾನ ಬಂದು ಕಫ ಪರೀಕ್ಷೆ. ಧ್ವನಿಪೆಟ್ಟಿಗೆಗೂ ಕ್ಷಯ ಬರುವುದರಿಂದ ಆ ಅನುಮಾನ ತಪ್ಪಲ್ಲ. ಒಂದೊಂದು ಹೆಜ್ಜೆಯೂ ಅದರಷ್ಟಕ್ಕೆ ಸರಿಯೇ. ಎಲ್ಲ ಕೂಡಿಸಿದರೆ ತಿಂಗಳುಗಳು ಕಳೆದಿರುತ್ತವೆ. ಈ ನಡುವೆ ಯಾರೂ ಗಂಟಲೊಳಗೆ ಇಣುಕಿರುವುದಿಲ್ಲ. ಬಾಯಿ ತೆರೆಸಿ ಟಾರ್ಚ್ ಹಾಕಿದರೆ ಧ್ವನಿತಂತು ಕಾಣದು. ಕನ್ನಡಿಯೋ ಮೂಗಿನ ಮೂಲಕ ಇಳಿಸುವ ತೆಳುವಾದ ಎಂಡೋಸ್ಕೋಪೋ ಬೇಕು. ಅದನ್ನು ಬಳಸಬಲ್ಲ ಇಎನ್‌ಟಿ ತಜ್ಞರೂ ಬೇಕು. ಪರೀಕ್ಷೆಗೆ ಹಿಡಿಯುವುದು ಕೆಲವೇ ನಿಮಿಷ.

ಕೊನೆಗೆ ಉಸಿರಾಟವೇ ಕಷ್ಟವಾಗಿ, ಎಳೆಯುವ ಉಸಿರಿಗೆ ಸೀಟಿಯಂಥ ಸದ್ದು ಸೇರಿ, ರಾತ್ರೋರಾತ್ರಿ ಜಿಲ್ಲಾಸ್ಪತ್ರೆಗೆ ಹೊತ್ತು ತರುತ್ತಾರೆ. ಅಲ್ಲಿ ಕೊರಳಲ್ಲಿ ತೂತು ಕೊರೆದು ಉಸಿರಿಗೆ ದಾರಿ ಮಾಡುತ್ತಾರೆ. ಎಷ್ಟೋ ಜನರಿಗೆ ಕ್ಯಾನ್ಸರ್ ಇದೆ ಎಂದು ತಿಳಿಯುವುದೇ ಆಗ.

ಸರ್ಕಾರಿ ತಪಾಸಣೆಗಳು ಈ ರೋಗವನ್ನು ಹುಡುಕುವುದೂ ಇಲ್ಲ. ರಾಷ್ಟ್ರೀಯ ಕಾರ್ಯಕ್ರಮದಲ್ಲಿ 30 ದಾಟಿದವರಿಗೆ ತಪಾಸಣೆ ಇರುವುದು ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್‌ಗೆ. ಇದನ್ನು ಲೋಪ ಎನ್ನುವಂತಿಲ್ಲ. ಲಕ್ಷಣವಿಲ್ಲದ ಎಲ್ಲರ ಗಂಟಲಿಗೂ ಎಂಡೋಸ್ಕೋಪ್ ಇಳಿಸುವುದು ಸಾಧ್ಯವೂ ಅಲ್ಲ, ಅದರಿಂದ ಪ್ರಯೋಜನವಿದೆ ಎಂದು ಸಾಬೀತೂ ಆಗಿಲ್ಲ. ಆದರೆ ಲಕ್ಷಣವಿರುವವರನ್ನು ಹಿಡಿಯುವ ಸರಳ ನಿಯಮವೊಂದಿದೆ: ಮೂರು ವಾರ ಕಳೆದರೂ ದನಿ ತಿಳಿಯಾಗದಿದ್ದರೆ ಧ್ವನಿತಂತುಗಳನ್ನು ನೋಡಲೇಬೇಕು. ಕ್ಯಾನ್ಸರ್ ಪುಸ್ತಕಗಳಲ್ಲೆಲ್ಲ ಇರುವ ಈ ಸಾಲು ಪ್ರಾಥಮಿಕ ಆರೋಗ್ಯ ಕೇಂದ್ರದ ಮೇಜಿನವರೆಗೆ ಇಳಿದಿಲ್ಲ.

ಕತ್ತರಿಸುವುದೋ, ಉಳಿಸುವುದೋ

ಮುಂದುವರಿದ ಹಂತದಲ್ಲಿ ಬಂದವರ ಚಿಕಿತ್ಸೆಯ ಬಗ್ಗೆ ವೈದ್ಯಲೋಕದಲ್ಲೇ ಎರಡು ಒಲವುಗಳಿವೆ. ಕುಟುಂಬದವರು ಗೊಂದಲಕ್ಕೆ ಬೀಳುವುದು ಇಲ್ಲಿಯೇ. ಒಬ್ಬ ವೈದ್ಯರು ಪೂರ್ತಿ ತೆಗೆಯಬೇಕು ಎನ್ನುತ್ತಾರೆ, ಇನ್ನೊಬ್ಬರು ಆಪರೇಷನ್ ಬೇಡ, ಕರೆಂಟ್ (ವಿಕಿರಣ) ಮತ್ತು ಕೀಮೋದಲ್ಲೇ ಆಗುತ್ತದೆ ಎನ್ನುತ್ತಾರೆ.

ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆಯುವ ಶಸ್ತ್ರಕ್ರಿಯೆಯನ್ನು ಕ್ಯಾನ್ಸರ್‌ಗಾಗಿ ಮೊದಲು ಮಾಡಿದವರು ಥಿಯೋಡೋರ್ ಬಿಲ್ರೋತ್, 1873ರಲ್ಲಿ, ವಿಯೆನ್ನಾದಲ್ಲಿ. ಆಮೇಲೆ ನೂರು ವರ್ಷಗಳ ಕಾಲ, ಮುಂದುವರಿದ ರೋಗಕ್ಕೆ ಅದೇ ಮುಖ್ಯ ದಾರಿಯಾಗಿತ್ತು. 1991ರಲ್ಲಿ ಅಮೆರಿಕದ ನಿವೃತ್ತ ಯೋಧರ ಆಸ್ಪತ್ರೆಗಳ ಅಧ್ಯಯನವೊಂದು ಪ್ರಕಟವಾಯಿತು. 332 ರೋಗಿಗಳಲ್ಲಿ ಅರ್ಧ ಮಂದಿಗೆ ಶಸ್ತ್ರಕ್ರಿಯೆ ಮತ್ತು ವಿಕಿರಣ, ಉಳಿದವರಿಗೆ ಮೊದಲು ಕೀಮೋ, ಅದಕ್ಕೆ ಗಡ್ಡೆ ಬಗ್ಗಿದರೆ ವಿಕಿರಣ. ಎರಡು ವರ್ಷಗಳ ನಂತರ ಎರಡೂ ಗುಂಪಿನಲ್ಲಿ ಶೇ. 68 ಮಂದಿ ಬದುಕಿದ್ದರು. ಎರಡನೇ ಗುಂಪಿನ ಶೇ. 64 ಮಂದಿಯ ಧ್ವನಿಪೆಟ್ಟಿಗೆ ಉಳಿದಿತ್ತು. 2003ರಲ್ಲಿ ಬಂದ ಮತ್ತೊಂದು ದೊಡ್ಡ ಅಧ್ಯಯನ ಕೀಮೋವನ್ನು ವಿಕಿರಣದ ಜತೆಯಲ್ಲೇ ಕೊಟ್ಟರೆ ಎರಡು ವರ್ಷದ ಹೊತ್ತಿಗೆ ಶೇ. 88 ಮಂದಿಯಲ್ಲಿ ಧ್ವನಿಪೆಟ್ಟಿಗೆ ಉಳಿಯುತ್ತದೆ ಎಂದು ತೋರಿಸಿತು. ಬರೀ ವಿಕಿರಣದಲ್ಲಿ ಈ ಪ್ರಮಾಣ ಶೇ. 70 ಇತ್ತು. ಜಗತ್ತಿನಾದ್ಯಂತ ಒಲವು ಉಳಿಸುವ ಕಡೆಗೆ ವಾಲಿತು.

ಆದರೆ ಈ ಅಂಕಿಗಳ ಅಡಿಯಲ್ಲಿ ಚಿಕ್ಕ ಅಕ್ಷರದಲ್ಲಿ ಬರೆದದ್ದನ್ನೂ ಓದಬೇಕು. ಯೋಧರ ಅಧ್ಯಯನದಲ್ಲಿ ಗಡ್ಡೆ ನಾಲ್ಕನೇ, ಅಂದರೆ ಕೊನೆಯ ದರ್ಜೆಗೆ ಬೆಳೆದಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಕೊನೆಗೂ ಆಪರೇಷನ್ ಮಾಡಬೇಕಾಯಿತು. 2003ರ ಅಧ್ಯಯನ ಮೃದ್ವಸ್ಥಿಯನ್ನು ಒಡೆದು ಹೊರಬಂದ ದೊಡ್ಡ ಗಡ್ಡೆಗಳನ್ನು ಸೇರಿಸಿಕೊಂಡೇ ಇರಲಿಲ್ಲ. ಹತ್ತು ವರ್ಷಗಳ ನಂತರ ಅದೇ ರೋಗಿಗಳನ್ನು ನೋಡಿದಾಗ ಅಂಗ ಉಳಿದ ಲಾಭ ಹಾಗೇ ಇತ್ತು, ಆದರೆ ಒಟ್ಟು ಬದುಕುಳಿಯುವಿಕೆಯಲ್ಲಿ ವ್ಯತ್ಯಾಸವಿರಲಿಲ್ಲ. ಕೀಮೋ ಮತ್ತು ವಿಕಿರಣ ಒಟ್ಟಿಗೆ ಪಡೆದವರಲ್ಲಿ ಕ್ಯಾನ್ಸರ್ ಅಲ್ಲದ ಕಾರಣಗಳ ಸಾವು ಹೆಚ್ಚಿತ್ತು. ಅಮೆರಿಕದಲ್ಲೇ, 1980ರ ದಶಕದ ನಡುವಿನಿಂದ 90ರ ದಶಕದ ನಡುವಿನವರೆಗೆ ಈ ರೋಗದಲ್ಲಿ ಬದುಕುಳಿಯುವವರ ಪ್ರಮಾಣ ಇಳಿದಿತ್ತು ಎಂಬ ವಿಶ್ಲೇಷಣೆ 2006ರಲ್ಲಿ ಬಂದು ದೊಡ್ಡ ಚರ್ಚೆಯಾಯಿತು. ಆಪರೇಷನ್ ಕಡಿಮೆಯಾದದ್ದೂ ಇದೇ ಅವಧಿಯಲ್ಲಿ.

ಹಾಗಾಗಿ ಇಂದಿನ ತಿಳಿವಳಿಕೆ ಹೀಗಿದೆ. ಮೃದ್ವಸ್ಥಿ ಒಡೆದಿದ್ದರೆ, ಧ್ವನಿಪೆಟ್ಟಿಗೆ ಕೆಲಸವನ್ನೇ ನಿಲ್ಲಿಸಿದ್ದರೆ, ತಿಂದದ್ದೆಲ್ಲ ಶ್ವಾಸಕೋಶಕ್ಕೆ ಹೋಗುತ್ತಿದ್ದರೆ ತೆಗೆಯುವುದೇ ಲೇಸು. ಕೆಲಸ ಮಾಡದ ಅಂಗವನ್ನು ಉಳಿಸಿ ಸಾಧಿಸುವುದೇನೂ ಇಲ್ಲ. ಮೂರನೇ ದರ್ಜೆಯಲ್ಲಿದ್ದು ಅಂಗ ಇನ್ನೂ ಕೆಲಸ ಮಾಡುತ್ತಿದ್ದರೆ, ಮೂತ್ರಪಿಂಡ, ಪೌಷ್ಟಿಕತೆ, ಕಿವಿ ಸರಿಯಿದ್ದು ಸಿಸ್ಪ್ಲಾಟಿನ್ ಎಂಬ ಕೀಮೋ ಔಷಧವನ್ನು ತಡೆಯಬಲ್ಲ ಮೈ ಇದ್ದರೆ ಉಳಿಸುವ ಪ್ರಯತ್ನ ಮಾಡಬಹುದು. ಇಬ್ಬರು ವೈದ್ಯರು ಬೇರೆ ಬೇರೆ ಹೇಳಿದಾಗ ಕುಟುಂಬದವರು ಕೇಳಬೇಕಾದ ಪ್ರಶ್ನೆ ಇದು: ಸಿ.ಟಿ. ಸ್ಕ್ಯಾನ್‌ನಲ್ಲಿ ಮೃದ್ವಸ್ಥಿ ಒಡೆದಿದೆಯೇ?

ಏಳು ವಾರ ಬಂದು ಹೋಗುವ ಚೈತನ್ಯ

ಪಠ್ಯಪುಸ್ತಕ ಹೇಳದ ಇನ್ನೊಂದು ಅಳತೆ ನಮ್ಮಲ್ಲಿದೆ. ಉಳಿಸುವ ಚಿಕಿತ್ಸೆ ಎಂದರೆ ವಾರಕ್ಕೆ ಐದು ದಿನದಂತೆ ಸುಮಾರು ಏಳು ವಾರ, 35ರವರೆಗೆ ವಿಕಿರಣದ ಕಂತುಗಳು. ಮುಖ, ಕೊರಳಿನ ಅಚ್ಚಿಗೆ ಮೊದಲೇ ಒಗ್ಗಿಸಿದ ಪ್ಲಾಸ್ಟಿಕ್ ಮುಸುಕನ್ನು ಹಾಕಿ ಮೇಜಿಗೆ ಬಿಗಿಯುತ್ತಾರೆ. ಯಂತ್ರ ಕೆಲಸ ಮಾಡುವುದು ಕೆಲವು ನಿಮಿಷ ಮಾತ್ರ. ಮೂರನೇ ವಾರದ ಹೊತ್ತಿಗೆ ಗಂಟಲು ಹುಣ್ಣಾಗಿ ಉಗುಳು ನುಂಗುವುದೂ ಕಷ್ಟ. ಹಲವರಿಗೆ ಮೂಗಿನ ಕೊಳವೆಯಲ್ಲೇ ಊಟ. ಈ ಹಂತದಲ್ಲಿ ರೋಗಿ ಹೆದರಿ ಊರಿಗೆ ಹೋಗಿಬಿಡುವ ಸಂಭವ ಹೆಚ್ಚು. ಆದರೆ ನಡುವೆ ತಪ್ಪಿದ ಒಂದೊಂದು ದಿನವೂ ಗಡ್ಡೆ ಹತೋಟಿಗೆ ಬರುವ ಸಾಧ್ಯತೆಯನ್ನು ಶೇ. 1ರಷ್ಟು ಅಥವಾ ತುಸು ಹೆಚ್ಚೇ ತಗ್ಗಿಸುತ್ತದೆ. ಎರಡು ವಾರ ಬಿಟ್ಟು ಬಂದರೆ ಕೊಟ್ಟ ಚಿಕಿತ್ಸೆಯ ದೊಡ್ಡ ಪಾಲು ನೀರುಪಾಲು. ಮುಗಿದ ಮೇಲೂ ತಿಂಗಳು ಎರಡು ತಿಂಗಳಿಗೊಮ್ಮೆ ಬಂದು ಎಂಡೋಸ್ಕೋಪಿ ಮಾಡಿಸಿಕೊಳ್ಳಬೇಕು. ಮರುಕಳಿಸಿದರೆ ಬೇಗ ಹಿಡಿದು ಆಪರೇಷನ್ ಮಾಡಬಹುದು ಎಂಬುದರ ಮೇಲೇ ಇಡೀ ಪದ್ಧತಿ ನಿಂತಿದೆ.

ಖರ್ಚಿನ ಒಂದು ಭಾಗಕ್ಕೆ ಉತ್ತರವಿದೆ. 2010ರಲ್ಲಿ ಕಲಬುರಗಿ ವಿಭಾಗದಲ್ಲಿ ವಾಜಪೇಯಿ ಆರೋಗ್ಯಶ್ರೀಯಿಂದ ಶುರುವಾಗಿ ಈಗ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದವರೆಗೆ ಬಂದಿರುವ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಎಪಿಎಲ್ ಕುಟುಂಬಕ್ಕೆ ವೆಚ್ಚದ ಶೇ. 30, ಗರಿಷ್ಠ 1.5 ಲಕ್ಷ. ಶಸ್ತ್ರಕ್ರಿಯೆ, ವಿಕಿರಣ, ಕೀಮೋ ಇದರಲ್ಲಿ ಬರುತ್ತವೆ. ಏಳು ವಾರದ ಕೂಲಿ, ಜತೆಗೆ ಬಂದ ಮಗನ ಕೂಲಿ, ಬೆಂಗಳೂರಿನ ಬಾಡಿಗೆ ರೂಮು ಯಾವ ಕಾರ್ಡಿನಲ್ಲೂ ಬರುವುದಿಲ್ಲ. ರಾಯಚೂರಿನಿಂದ ಬೆಂಗಳೂರಿಗೆ ಸುಮಾರು 400 ಕಿ.ಮೀ. ಕಲಬುರಗಿ ಮತ್ತು ಮಂಡ್ಯದ ಕ್ಯಾನ್ಸರ್ ಕೇಂದ್ರಗಳು, ಹುಬ್ಬಳ್ಳಿಯ ಕರ್ನಾಟಕ ಕ್ಯಾನ್ಸರ್ ಚಿಕಿತ್ಸಾ ಸಂಸ್ಥೆಯಂಥವು ಈ ದೂರವನ್ನು ಕೆಲವರಿಗೆ ತಗ್ಗಿಸಿವೆ.

ಇದರಿಂದ ಒಂದು ಇಕ್ಕಟ್ಟು ಹುಟ್ಟುತ್ತದೆ. ಬಡ ರೋಗಿ ಏಳು ವಾರ ಬರಲಾರ, ಆಮೇಲೂ ಬರಲಾರ ಎಂದು ಗೊತ್ತಿದ್ದರೆ ವೈದ್ಯರು ಒಂದೇ ಸಲಕ್ಕೆ ಮುಗಿಯುವ ಆಪರೇಷನ್ ಕಡೆಗೆ ವಾಲುತ್ತಾರೆ. ವೈದ್ಯಕೀಯವಾಗಿ ಇದು ಜವಾಬ್ದಾರಿಯ ನಡೆ. ಆದರೆ ಒಂದೇ ಗಡ್ಡೆ, ಒಂದೇ ದರ್ಜೆ ಇದ್ದೂ ನಗರದವನ ದನಿ ಉಳಿದು ಹಳ್ಳಿಯವನದು ಹೋಗುವುದಾದರೆ ಅಲ್ಲಿ ನಿರ್ಣಾಯಕವಾದದ್ದು ಬಸ್ ಚಾರ್ಜು. ಆಸ್ಪತ್ರೆಯ ಹತ್ತಿರ ಉಚಿತ ವಸತಿ ಮತ್ತು ದಿನದ ಭತ್ಯೆಗೆ ಹಾಕುವ ಹಣ ಇಲ್ಲಿ ದುಬಾರಿ ಯಂತ್ರಕ್ಕೆ ಹಾಕುವ ಹಣದಷ್ಟೇ ನೇರವಾಗಿ ಚಿಕಿತ್ಸೆಯ ಫಲವನ್ನು ಬದಲಿಸುತ್ತದೆ.

ದನಿ ಹೋದ ಮೇಲೆ

ಧ್ವನಿಪೆಟ್ಟಿಗೆ ತೆಗೆದ ಮೇಲೆ ಶ್ವಾಸನಾಳವನ್ನು ಕೊರಳಿನ ಬುಡದಲ್ಲಿ ಒಂದು ರಂಧ್ರವಾಗಿ ಹೊರಕ್ಕೆ ತರುತ್ತಾರೆ. ಇನ್ನು ಉಸಿರು ಮೂಗಿನಿಂದಲ್ಲ, ಅಲ್ಲಿಂದ. ವಾಸನೆ ತಿಳಿಯುವುದು ಕಡಿಮೆಯಾಗುತ್ತದೆ. ಸ್ನಾನದಲ್ಲಿ ನೀರು ರಂಧ್ರಕ್ಕೆ ಹೋಗದಂತೆ ನೋಡಿಕೊಳ್ಳಬೇಕು, ಕೆರೆಗೆ ಇಳಿಯುವಂತಿಲ್ಲ. ದೂಳಿನಲ್ಲಿ ದುಡಿಯುವವರು ಅದರ ಮೇಲೆ ಒದ್ದೆ ಬಟ್ಟೆಯ ಪರದೆ ಕಟ್ಟಿಕೊಳ್ಳಬೇಕಾಗುತ್ತದೆ.

ಮಾತಿಗೆ ಮೂರು ದಾರಿಗಳಿವೆ. ಅನ್ನನಾಳಕ್ಕೆ ಗಾಳಿ ನುಂಗಿ ತೇಗಿನಂತೆ ಹೊರಬಿಡುತ್ತ ಮಾತು ಕಲಿಯುವುದು. ಕೊರಳಿಗೆ ಒತ್ತಿ ಹಿಡಿಯುವ ಕಂಪನ ಯಂತ್ರ. ಶ್ವಾಸನಾಳ ಅನ್ನನಾಳಗಳ ನಡುವೆ ಕೂರಿಸುವ ಪುಟ್ಟ ಕವಾಟ. ಮೂರನೆಯದರಲ್ಲಿ ಮಾತು ಹೆಚ್ಚು ಸಹಜ. ಆದರೆ ಆಮದು ಕವಾಟಕ್ಕೆ ಹತ್ತಾರು ಸಾವಿರ ರೂಪಾಯಿ. ಶಿಲೀಂಧ್ರ ಹತ್ತಿ ಸೋರತೊಡಗಿದಾಗ, ಅಂದರೆ ಕೆಲವು ತಿಂಗಳಿಗೊಮ್ಮೆ, ಬದಲಿಸಲೇಬೇಕು. ಬೆಂಗಳೂರಿನ ಕ್ಯಾನ್ಸರ್ ಶಸ್ತ್ರವೈದ್ಯ ವಿಶಾಲ್ ರಾವ್ ಮತ್ತು ಉದ್ಯಮಿ ಶಶಾಂಕ್ ಮಹೇಶ್ ಸೇರಿ 50 ರೂಪಾಯಿ ಆಸುಪಾಸಿನ ಬೆಲೆಯ ಓಂ ಎಂಬ ಧ್ವನಿ ಕವಾಟ ರೂಪಿಸಿದ್ದು ಇದೇ ಕಾರಣಕ್ಕೆ. ಒಮ್ಮೆ ಕೂರಿಸಿದ ಆಮದು ಕವಾಟವನ್ನು ಎರಡನೇ ಸಲ ಕೊಳ್ಳಲಾಗದೆ ಮತ್ತೆ ಮೂಕರಾಗುವವರ ಸಮಸ್ಯೆ ಅದರ ಹಿಂದಿತ್ತು.

ತೆರಿಗೆಯ ಎರಡು ಬದಿ

ಈಗ ಮತ್ತೆ ಬೀಡಿಗೆ ಬರೋಣ. ರಿಯಾಯಿತಿಯ ಪರ ವಾದ ಪೊಳ್ಳಲ್ಲ. ದಕ್ಷಿಣ ಕನ್ನಡ, ಉಡುಪಿಯಲ್ಲಿ ದಶಕಗಳಿಂದ ಹೆಂಗಸರು ಮನೆಯ ಜಗಲಿಯಲ್ಲಿ ಕುಳಿತು ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ್ದಾರೆ. ಎಲೆ ನೆನೆಸುವುದು, ಕತ್ತರಿಸುವುದು, ಸುರುಳಿ ಸುತ್ತಿ ನೂಲು ಕಟ್ಟುವುದು, ಬೀಡಿ ಕಂಪನಿಯ ಬ್ರಾಂಚ್‌ಗೆ ಒಯ್ದು ಕೊಡುವುದು. ಸಾವಿರಕ್ಕೆ ಇಷ್ಟು ಎಂದು ಕೂಲಿ. ಬೇರೆ ಕೆಲಸ ಕೊಡದೆ ಬೀಡಿಗೆ ಏಟು ಹಾಕಿದರೆ ಬೀಳುವುದು ಇವರ ಬೆನ್ನಿಗೆ ಎಂಬುದು ಕಾರ್ಮಿಕ ಸಂಘಟನೆಗಳ ಮಾತು. ಬಿಹಾರದ ಚುನಾವಣೆ ಹತ್ತಿರವಿದ್ದಾಗ ಈ ಇಳಿಕೆ ಬಂದದ್ದರಿಂದ ರಾಜಕೀಯ ಜಗಳವೂ ಆಯಿತು.

ಆರೋಗ್ಯ ತಜ್ಞರ ವಾದ ಬೇರೆ. ಇಳಿಕೆಗೆ ಮೊದಲೇ ಬೀಡಿಯ ಚಿಲ್ಲರೆ ಬೆಲೆಯಲ್ಲಿ ತೆರಿಗೆಯ ಪಾಲು ಶೇ. 22ರ ಸುಮಾರು ಇತ್ತು, ಸಿಗರೇಟಿನಲ್ಲಿ ಶೇ. 50 ದಾಟಿತ್ತು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಶೇ. 75. 2017ರಲ್ಲಿ ಜಿಎಸ್‌ಟಿ ಬಂದಾಗಿನಿಂದಲೂ ಸಿಗರೇಟಿಗಿದ್ದ ಪರಿಹಾರ ಸೆಸ್ ಬೀಡಿಗೆ ಇರಲೇ ಇಲ್ಲ.

ಗಣಿತ ಮಾಡಿ ನೋಡಿದರೆ: ತೆರಿಗೆ ಬಿಟ್ಟು 100 ರೂಪಾಯಿ ಇದ್ದ ಬೀಡಿ ಮೊದಲು 128ಕ್ಕೆ ಸಿಗುತ್ತಿತ್ತು, ಈಗ 118. ಇಳಿಕೆಯನ್ನೆಲ್ಲ ಗಿರಾಕಿಗೆ ದಾಟಿಸಿದರೆ ಬೆಲೆ ಶೇ. 8ರಷ್ಟು ತಗ್ಗುತ್ತದೆ. ದಾಟಿಸದಿದ್ದರೆ ಲಾಭ ಕಂಪನಿಗೆ. ಎರಡರಲ್ಲೂ ಕಟ್ಟುವವಳ ಕೂಲಿ ತಾನಾಗಿ ಏರುವುದಿಲ್ಲ. ಕೂಲಿ ನಿಂತಿರುವುದು ಕನಿಷ್ಠ ವೇತನ ಮತ್ತು ತುಟ್ಟಿಭತ್ಯೆಯ ಆದೇಶದ ಮೇಲೆ, ಅದನ್ನು ಬ್ರಾಂಚ್‌ಗಳು ಪಾಲಿಸುತ್ತವೆಯೇ ಎಂಬುದರ ಮೇಲೆ. ಕಾರ್ಮಿಕರ ಹೆಸರಿನಲ್ಲಿ ಕೊಟ್ಟ ರಿಯಾಯಿತಿ ಕಾರ್ಮಿಕರನ್ನು ತಲುಪುವ ದಾರಿಯೇ ಇದರಲ್ಲಿ ಇಲ್ಲ. ಅವರಿಗೆ ನೆರವಾಗುವುದೇ ಉದ್ದೇಶವಾಗಿದ್ದರೆ ತೆರಿಗೆ ಉಳಿಸಿಕೊಂಡು ಅದೇ ಹಣವನ್ನು ಭವಿಷ್ಯನಿಧಿಗೋ ಬೇರೆ ಕಸುಬಿನ ತರಬೇತಿಗೋ ಹಾಕಬಹುದಿತ್ತು.

ಮುಂದೆ ಏನಾಗಬಹುದು

ಸಿಗರೇಟು ತುಟ್ಟಿಯಾಗಿ ಬೀಡಿ ಅಗ್ಗವಾದಾಗ ಕೈಯಲ್ಲಿ ದುಡ್ಡು ಕಡಿಮೆ ಇರುವವರು ಸೇದುವುದನ್ನು ಬಿಡುವ ಬದಲು ಬೀಡಿಗೆ ಇಳಿಯಬಹುದು. 2009–10ರಿಂದ 2016–17ರ ನಡುವೆ ದೇಶದಲ್ಲಿ ಬೀಡಿ ಸೇದುವವರ ಪ್ರಮಾಣ ಶೇ. 9.2ರಿಂದ ಶೇ. 7.7ಕ್ಕೆ ಇಳಿದಿತ್ತು. ಆ ಇಳಿಜಾರು ನಿಲ್ಲುವ ಅಪಾಯ ಈಗಿದೆ. ಆದರೆ ಅದರ ಫಲ ಆಸ್ಪತ್ರೆಯಲ್ಲಿ ನಾಳೆಯೇ ಕಾಣದು. ಇಂದು ಬರುತ್ತಿರುವ ರೋಗಿ ಸೇದಲು ಶುರು ಮಾಡಿದ್ದು ಇಪ್ಪತ್ತು ಮೂವತ್ತು ವರ್ಷಗಳ ಹಿಂದೆ. ಬಿಟ್ಟವರಿಗೆ ಲಾಭ ಮಾತ್ರ ಇದಕ್ಕಿಂತ ಬೇಗ: 10–15 ವರ್ಷ ಕಳೆದರೆ ಧ್ವನಿಪೆಟ್ಟಿಗೆ ಕ್ಯಾನ್ಸರ್‌ನ ಅಪಾಯ ಸೇದುತ್ತಲೇ ಇರುವವರಿಗಿಂತ ಅರ್ಧಕ್ಕೂ ಕಡಿಮೆಯಾಗುತ್ತದೆ. ರೋಗ ಬಂದ ಮೇಲೆ ಬಿಟ್ಟರೂ ವಿಕಿರಣ ಚೆನ್ನಾಗಿ ಕೆಲಸ ಮಾಡುತ್ತದೆ.

ತೀರಾ ಮುಂದುವರಿದು ಗುಣವಾಗದ ಹಂತದಲ್ಲಿರುವವರಿಗೂ ಒಂದು ಹೊಸ ದಾರಿ ತೆರೆದಿದೆ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು ತಲೆ–ಕುತ್ತಿಗೆ ಕ್ಯಾನ್ಸರ್ ರೋಗಿಗಳಿಗೆ ನುಂಗುವ ಅಗ್ಗದ ಮಾತ್ರೆಗಳ ಜತೆ ನಿವೊಲುಮಾಬ್ ಎಂಬ, ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ವಿರುದ್ಧ ಎಬ್ಬಿಸುವ ಇಮ್ಯುನೋಥೆರಪಿ ಔಷಧವನ್ನು ಮಾಮೂಲಿ ಪ್ರಮಾಣದ ಹತ್ತನೇ ಒಂದಂಶಕ್ಕಿಂತ ಕಡಿಮೆ ಕೊಟ್ಟು ನೋಡಿದರು. ಒಂದು ವರ್ಷ ಬದುಕಿದವರು ಶೇ. 16.3ರಿಂದ ಶೇ. 43.4ಕ್ಕೆ ಏರಿದರು. ಪೂರ್ತಿ ಪ್ರಮಾಣದ ಬೆಲೆ ನಮ್ಮ ಬಹುಪಾಲು ರೋಗಿಗಳ ಕೈಗೆಟುಕದ್ದು. ಈ ಫಲಿತಾಂಶ ಅದಕ್ಕೇ ಮುಖ್ಯ.

ತೆರಿಗೆ ದರ ರಾಜ್ಯ ಸರ್ಕಾರವೊಂದರ ಕೈಯಲ್ಲಿಲ್ಲ. ಜಿಎಸ್‌ಟಿ ಮಂಡಳಿಯಲ್ಲಿ ಅದು ಹಲವು ದನಿಗಳಲ್ಲಿ ಒಂದು. ಆದರೆ ಮಾರಾಟದ ಮೇಲೆ ಹಿಡಿತವಿದೆ. 2025ರ ಮೇ ತಿಂಗಳಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆದ ಕರ್ನಾಟಕದ ತಿದ್ದುಪಡಿ ಕಾಯ್ದೆ ತಂಬಾಕು ಕೊಳ್ಳುವವರ ವಯಸ್ಸಿನ ಮಿತಿಯನ್ನು 18ರಿಂದ 21ಕ್ಕೆ ಏರಿಸಿದೆ, ಹುಕ್ಕಾ ಬಾರ್ ನಿಷೇಧಿಸಿದೆ, ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ ದಂಡವನ್ನು 200ರಿಂದ 1,000 ರೂಪಾಯಿಗೆ ಒಯ್ದಿದೆ. ಬೀಡಿಗೂ ಇವು ಅನ್ವಯಿಸುತ್ತವೆ. ಗೂಡಂಗಡಿಯಲ್ಲಿ ಯಾರು ವಯಸ್ಸು ಕೇಳುತ್ತಾರೆ ಎಂಬುದು ಬೇರೆ ಮಾತು.

ಆರೋಗ್ಯ ಇಲಾಖೆಯೂ ರಾಜ್ಯದ್ದೇ. ಮನೆ ಬಾಗಿಲಿಗೆ ಹೋಗಿ ಬಿಪಿ, ಸಕ್ಕರೆ ನೋಡುವ ಗೃಹ ಆರೋಗ್ಯದಂಥ ಕಾರ್ಯಕ್ರಮದಲ್ಲಿ ಬೀಡಿ ಸೇದುವ ಗಂಡಸರಿಗೆ ‘ಮೂರು ವಾರದಿಂದ ದನಿ ಬದಲಾಗಿದೆಯೇ’ ಎಂಬ ಒಂದು ಪ್ರಶ್ನೆ ಸೇರಿಸಲು ಹೊಸ ಯಂತ್ರ ಬೇಡ, ಹೊಸ ನೇಮಕಾತಿ ಬೇಡ. ಹೌದು ಎಂದವನನ್ನು ಕಳಿಸಲು ತಾಲ್ಲೂಕು ಆಸ್ಪತ್ರೆಯಲ್ಲಿ ಒಬ್ಬ ಇಎನ್‌ಟಿ ತಜ್ಞ, ಒಂದು ಎಂಡೋಸ್ಕೋಪ್ ಮತ್ತು ನಿಗದಿತ ದಿನ ಬೇಕು. ಅಷ್ಟಿಲ್ಲದಿದ್ದರೆ ಆಶಾ ಕಾರ್ಯಕರ್ತೆ ತುಂಬಬೇಕಾದ ನಮೂನೆಗೆ ಇನ್ನೊಂದು ಸಾಲು ಸೇರುತ್ತದೆ, ಅಷ್ಟೇ.